ಪದ್ಮಿನಿಗೆ ಬೇರೆ ಎಂಜಿನ್ ಹಾಕಿಸಬೇಕು, ಬಜೆಟ್ ಒಂದು ಲಕ್ಷ. ಯಾವುದು ಕೂರುತ್ತೆ?

ತೀರ್ಥಹಳ್ಳಿ_ಪದ್ಮಿನಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಕಾರು ಇದೆ, ಎಲ್ಲರೂ ಫಿಯಟ್ ಅಂತಾರಲ್ಲ, ಅದೇ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಾಡಿ ಚೆನ್ನಾಗಿದೆ, ಫ್ಲೋರ್‌ನಲ್ಲಿ ತುಕ್ಕು ಹಿಡಿದಿದ್ದ ಕಡೆ ಶೀಟ್ ಹಾಕಿ ವೆಲ್ಡ್ ಮಾಡಿಸಿದ್ದೇನೆ. ಸಮಸ್ಯೆ ಇರೋದು ಎಂಜಿನ್‌ನಲ್ಲಿ. ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ಉಡುಪಿ ಕಡೆಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿ ಹತ್ತಬೇಕಲ್ವಾ, ಸೋಮೇಶ್ವರ ದಾಟಿ ತಿರುವುಗಳು ಶುರುವಾದರೆ ಸಾಕು, ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತದೆ, ಪಿಕಪ್ ಸತ್ತೇ ಹೋಗುತ್ತದೆ. ನಿಲ್ಲಿಸಿ, ಆರಿಸಿ, ನೀರು ಹಾಕಿ ಮತ್ತೆ ಹೊರಡಬೇಕು. ಹಿಂದೆ ಸಾಲುಗಟ್ಟಿ ಗಾಡಿಗಳು ಹಾರ್ನ್ ಹೊಡೆಯುತ್ತಿರುತ್ತವೆ.

ನಮ್ಮೂರ ಗ್ಯಾರೇಜಿನವರು "ಇದರ ಕತೆ ಮುಗಿಯಿತು, ಮಾರುತಿ ಓಮ್ನಿ ವ್ಯಾನಿನ ಎಂಜಿನ್ ಇಳಿಸಿಬಿಡೋಣ, ಗೇರ್‌ಬಾಕ್ಸ್ ಸಮೇತ ಸಿಗುತ್ತದೆ" ಅಂತಿದ್ದಾರೆ. ಇನ್ನೊಬ್ಬರು ಮಾರುತಿ ಈಕೋ ವ್ಯಾನಿನದು ಅಂತಾರೆ. ನನ್ನ ಬಜೆಟ್ ಒಂದು ಲಕ್ಷ, ಅದರ ಮೇಲೆ ಆಗಲ್ಲ. ಗಾಡಿ ಮಾರುವ ಮಾತೇ ಇಲ್ಲ. ಯಾರಾದರೂ ಮಾಡಿಸಿದವರು ಇದ್ದರೆ ಹೇಳಿ: ಯಾವ ಎಂಜಿನ್, ಏನೇನು ಬದಲಾಯಿಸಬೇಕು, ಒಟ್ಟು ಎಷ್ಟಾಗುತ್ತದೆ?

ಗುಜರಿ_ಗೆಳೆಯ
ಈಕೋ ಹಾಕಿ ಸಾರ್. ಕಣ್ಣು ಮುಚ್ಚಿಕೊಂಡು ಹಾಕಿ. 2022ರವರೆಗೆ ಬಂದಿದ್ದು 1196 ಸಿಸಿ, 73 ಎಚ್‌ಪಿ, ಎಂಜಿನ್ ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರಕ್ಕೆ ಡ್ರೈವ್, ಐದು ಗೇರ್. ಆಗುಂಬೆ ಅಲ್ಲ, ಚಾರ್ಮಾಡಿನೂ ಹತ್ತುತ್ತದೆ.

ಜೆಸಿ_ರೋಡ್_ಹಳಬ
ಸ್ವಲ್ಪ ತಡೀರಿ. ಮೊದಲು ಓಮ್ನಿ ಲೆಕ್ಕ ನೋಡೋಣ.

ಓಮ್ನಿ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಶಕ್ತಿ 35 ಎಚ್‌ಪಿ ಸುಮಾರು. ಪದ್ಮಿನಿಯದು 1089 ಸಿಸಿ, ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಅಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ., ಶಕ್ತಿ 40 ಎಚ್‌ಪಿ ಆಸುಪಾಸು. ಬೋರ್‌ಗಿಂತ ಸ್ಟ್ರೋಕ್ ಉದ್ದ ಇರುವ ಎಂಜಿನ್ ಅದು, ಕಡಿಮೆ ಸ್ಪೀಡಿನಲ್ಲೇ ಎಳೆಯುತ್ತದೆ. ಗಾಡಿ ತೂಕ 900 ಕೆಜಿ ಹತ್ತಿರ. ಅಂದರೆ ದುಡ್ಡು ಕೊಟ್ಟು ಇರುವುದಕ್ಕಿಂತ ಕಡಿಮೆ ಶಕ್ತಿಯ ಎಂಜಿನ್ ಹಾಕಿಸಿಕೊಂಡ ಹಾಗಾಗುತ್ತದೆ. ಈಗ ಎರಡನೇ ಗೇರಿನಲ್ಲಿ ಹತ್ತುವ ತಿರುವನ್ನು ಆಮೇಲೆ ಒಂದನೇ ಗೇರಿನಲ್ಲಿ ಹತ್ತಬೇಕು. ಓಮ್ನಿ ಮಾತು ಇಲ್ಲಿಗೇ ಬಿಡಿ.

ಎರಡನೆಯದು ನನಗೆ ಮುಖ್ಯ. ನಿಮ್ಮ ಎಂಜಿನ್ "ಮುಗಿಯಿತು" ಅಂತ ಹೇಳಿದವರು ಏನನ್ನಾದರೂ ಅಳೆದು ನೋಡಿದರಾ? ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಗಾಳಿಯ ಪ್ರೆಶರ್, ನೋಡಿದರಾ? ಹೊಗೆ ಯಾವ ಬಣ್ಣದ್ದು? ನೀರು ಎಷ್ಟು ಕಡಿಮೆಯಾಗುತ್ತದೆ? ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಹಾಲಿನ ಥರ ಕೆನೆ ಕಾಣುತ್ತಾ? ಇಷ್ಟು ತಿಳಿಯದೆ ಹೊಸ ಎಂಜಿನ್ ಹುಡುಕಬೇಡಿ.

ಹುಬ್ಳಿ_ಗಾಡಿ
ಹಳಬರು ಹೇಳಿದ್ದು ಖರೆ ಐತಿ. ಆದರೂ ಬದಲಾಯಿಸೋದೇ ಆದರೆ ನಾನು ಒಂದೇ ಹೆಸರು ಹೇಳುತ್ತೇನೆ: 118ಎನ್‌ಇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರೀಮಿಯರ್ ಕಂಪನಿಯೇ 1985ರಲ್ಲಿ ತಂದ ಕಾರು ಅದು. ಬಾಡಿ ಫಿಯಟ್ 124ದು, ಎಂಜಿನ್ ನಿಸಾನ್ ಎ12. 1171 ಸಿಸಿ, 52 ಎಚ್‌ಪಿ, ಹಿಂದಿನ ಚಕ್ರದ ಡ್ರೈವ್. ಹಳೇ ಕಾಲದ ಸರಳ ಪುಶ್‌ರಾಡ್ ಎಂಜಿನ್, ಪೆಟ್ರೋಲ್-ಗಾಳಿ ಬೆರೆಸೋಕೆ ಕಾರ್ಬುರೇಟರ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಪದ್ಮಿನಿಗೆ ಇದನ್ನು ಹಾಕಿಸುವ ಪದ್ಧತಿ ನಮ್ಮ ದೇಶದಲ್ಲಿ ತುಂಬಾ ಹಳೆಯದು, ಹಾಗಾಗಿ ಎಲ್ಲಿ ಏನು ತಾಗುತ್ತದೆ ಅನ್ನೋದು ಹಳೇ ಫಿಯಟ್ ಮಿಸ್ತ್ರಿಗಳಿಗೆ ಬಾಯಿಪಾಠ. ನಿಮಗೆ 10-12 ಎಚ್‌ಪಿ ಜಾಸ್ತಿ ಸಿಗುತ್ತದೆ, ಆ ಗಾಡಿಯ ಡ್ರಮ್ ಬ್ರೇಕಿಗೆ ಅಷ್ಟೇ ಸರಿ. 73 ಎಚ್‌ಪಿ ಹಾಕಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇಟ್ಟುಕೊಂಡು ಘಾಟಿ ಇಳಿಯುವವರಿಗೆ ನನ್ನ ನಮಸ್ಕಾರರೀ.

ಗೇರ್‌ಬಾಕ್ಸ್ ಮಾತ್ರ ಯೋಚನೆ ಮಾಡಿ. 118ಎನ್‌ಇದು ಫ್ಲೋರ್ ಗೇರ್. ನಿಮ್ಮದು 78ರ ಗಾಡಿ ಅಂದರೆ ಸ್ಟೀರಿಂಗ್ ಪಕ್ಕದ ಗೇರ್. ಫ್ಲೋರ್ ಕತ್ತರಿಸಬೇಕು.

ಗುಜರಿ_ಗೆಳೆಯ
118ಎನ್‌ಇ ಕಾರು ನಿಂತು ಇಪ್ಪತ್ತು ವರ್ಷ ದಾಟಿತು. ಅದರ ಎಂಜಿನ್ ಎಲ್ಲಿ ಹುಡುಕ್ತೀರಾ? ಸಿಕ್ಕಿದರೂ ಅದೂ ಮುದುಕನೇ, ಅದಕ್ಕೂ ಬೋರ್ ಮಾಡಿಸಬೇಕು. ಈಕೋ 2010ರಿಂದ ಬರುತ್ತಿದೆ, ಸ್ಪೇರ್ ಪ್ರತಿ ತಾಲೂಕಿನಲ್ಲೂ ಇದೆ. ಆಕ್ಸಿಡೆಂಟ್ ಆದ ಗಾಡಿಯದು ಎಂಜಿನ್, ಗೇರ್‌ಬಾಕ್ಸ್, ಇಸಿಎಂ (ಎಂಜಿನ್ ಕಂಪ್ಯೂಟರ್), ವೈರಿಂಗ್ ಎಲ್ಲ ಸೇರಿಸಿ ಒಟ್ಟಿಗೆ ಎತ್ತಬಹುದು. ಪೆಟ್ರೋಲ್ ಎಂಜಿನ್‌ಗೆ ಪೆಟ್ರೋಲ್ ಎಂಜಿನ್. ಇಷ್ಟಕ್ಕೆ ಯಾಕೆ ಹೆದರಬೇಕು?

ಲೇತ್_ಶೆಡ್_ಶಿವಮೊಗ್ಗ
ನಾನು ಇದೇ ಕೆಲಸ ಮಾಡೋನು, ಹಾಗಾಗಿ ದುಡ್ಡು ಎಲ್ಲೆಲ್ಲಿ ಹೋಗುತ್ತದೆ ಅಂತ ಬರೆಯುತ್ತೇನೆ. ಗಿರಾಕಿಗಳು ಎಂಜಿನ್ ರೇಟ್ ಮಾತ್ರ ಕೇಳಿಕೊಂಡು ಬರುತ್ತಾರೆ, ಅದು ಇಡೀ ಖರ್ಚಿನಲ್ಲಿ ಅರ್ಧವೂ ಇರಲ್ಲ.

ಪದ್ಮಿನಿಗೆ ಜೀಪಿನ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅದಕ್ಕೇ ಹೊಸ ಎಂಜಿನ್‌ಗೆ ಮೌಂಟಿಂಗ್ ಮಾಡುವಾಗ ಸಿಕ್ಕ ಕಡೆ ವೆಲ್ಡ್ ಹೊಡೆಯೋಕೆ ಆಗಲ್ಲ. ದಪ್ಪ ಪ್ಲೇಟ್ ಕತ್ತರಿಸಿ, ಹಳೇ ಮೌಂಟಿಂಗ್ ತೂತುಗಳನ್ನೇ ಹಿಡಿದು ಬ್ರಾಕೆಟ್ ಮಾಡಬೇಕು. ಎಂಜಿನ್ ಒಂದು ಕಡೆ ಕೂರುತ್ತದೆ ಅಂದುಕೊಳ್ಳಿ, ಆಮೇಲೆ ಎಂಜಿನ್ ಕೆಳಗಿನ ಆಯಿಲ್ ಡಬ್ಬ, ಅಂದರೆ ಸಂಪ್, ಹೋಗಿ ಸ್ಟೀರಿಂಗ್ ರಾಡಿಗೆ ತಾಗುತ್ತದೆ. ಈಕೋ ಎಂಜಿನ್ ಮಾಡಿರೋದು ಸೀಟಿನ ಕೆಳಗೆ ಕೂರೋಕೆ. ಬಾನೆಟ್ ಕೆಳಗೆ ತಂದಾಗ ಮ್ಯಾನಿಫೋಲ್ಡ್, ಏರ್ ಫಿಲ್ಟರ್ ಪೈಪು, ಸೈಲೆನ್ಸರ್ ಮುಂದಿನ ಪೈಪು ಎಲ್ಲ ಹೊಸದಾಗಿ ದಾರಿ ಕೇಳುತ್ತವೆ. ಸಂಪ್ ಕತ್ತರಿಸಿ ಬೇರೆ ಆಕಾರ ಮಾಡಿದರೆ ಒಳಗಿನ ಆಯಿಲ್ ಪಿಕಪ್ ಪೈಪನ್ನೂ ಬದಲಾಯಿಸಬೇಕು. ಅದನ್ನು ಅರ್ಧಂಬರ್ಧ ಮಾಡಿದರೆ ಘಾಟಿ ತಿರುವಿನಲ್ಲಿ ಆಯಿಲ್ ಒಂದು ಮೂಲೆಗೆ ಸರಿದು ಬೇರಿಂಗ್ ಹಿಡಿಯುತ್ತದೆ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊಸ ಉದ್ದಕ್ಕೆ ಕತ್ತರಿಸಿ, ಮುಂದಿನ ತುದಿಗೆ ಹೊಸ ಗೇರ್‌ಬಾಕ್ಸಿನ ಯೋಕ್, ಹಿಂದಿನ ತುದಿಗೆ ಫಿಯಟ್ಟಿನ ಹಿಂದಿನ ಆಕ್ಸಲ್ ಹೌಸಿಂಗಿನ ಫ್ಲ್ಯಾಂಜ್ ಹಾಕಿ ಬ್ಯಾಲೆನ್ಸ್ ಮಾಡಿಸಬೇಕು. ಬ್ಯಾಲೆನ್ಸ್ ಮಾಡಿಸದೆ ಹಾಗೇ ಹಾಕಿದ ಗಾಡಿಗಳು ನಡುಗಿಕೊಂಡು ವಾಪಸ್ ಬರುತ್ತವೆ. ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟೂ ಹಿಂದಿನ ಪಿನಿಯನ್ ಶಾಫ್ಟೂ ಒಂದಕ್ಕೊಂದು ಸಮಾನಾಂತರ ಇರಬೇಕು. ಇಲ್ಲದಿದ್ದರೆ ಕ್ರಾಸ್ ಜಾಯಿಂಟ್ ಬಾಳಿಕೆ ಬರಲ್ಲ.

ಇದಾದ ಮೇಲೆ ಕ್ಲಚ್ ಲಿಂಕೇಜ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋ ಕೇಬಲ್, ರೇಡಿಯೇಟರ್ ಹೋಸ್ ಇವೆಲ್ಲ ಇವೆ. ಈಕೋ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಎಂಜಿನ್, ಆದ್ದರಿಂದ ಪೆಟ್ರೋಲ್ ಟ್ಯಾಂಕಿಗೆ ಎಲೆಕ್ಟ್ರಿಕ್ ಪಂಪ್ ಬೇಕು, ಫಿಯಟ್ಟಿನ ಹಳೇ ಪೆಟ್ರೋಲ್ ಪೈಪು ಆ ಪ್ರೆಶರ್ ತಡೆಯಲ್ಲ. ಇಮ್ಮೊಬಿಲೈಸರ್ (ಅದರದ್ದೇ ಕೀ ಇಲ್ಲದೆ ಸ್ಟಾರ್ಟ್ ಆಗದ ಕಳ್ಳತನ ತಡೆ) ಇರುವ ಗಾಡಿಯಾದರೆ ಅದರ ಕೀನೂ ಬೇಕು. ವೈರಿಂಗ್ ಗೊತ್ತಿರುವ ಎಲೆಕ್ಟ್ರಿಷಿಯನ್ ಬೇರೆ.

ಒಂದು ಲಕ್ಷದಲ್ಲಿ ಈಕೋ ಕೆಲಸ ಅಚ್ಚುಕಟ್ಟಾಗಿ ಮುಗಿಯುತ್ತೆ ಅಂತ ಯಾರಾದರೂ ಮಾತು ಕೊಟ್ಟರೆ ಬರೆಸಿಕೊಳ್ಳಿ. ನನ್ನ ಶೆಡ್ಡಿನಲ್ಲಿ ನಾನು ಕೊಡಲ್ಲ.

ತೀರ್ಥಹಳ್ಳಿ_ಪದ್ಮಿನಿ
ಲೇತ್ ಸಾರ್, ಇಷ್ಟು ವಿವರ ನನಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಜೆಸಿ ರೋಡ್ ಸಾರ್ ಕೇಳಿದ್ದಕ್ಕೆ ಉತ್ತರ: ಯಾರೂ ಏನನ್ನೂ ಅಳೆದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಂದು ಸಲ ಬಂದು ನಿಂತುಹೋಗುತ್ತದೆ. ನೀರು ನಿಧಾನಕ್ಕೆ ಕಡಿಮೆಯಾಗುತ್ತದೆ, ಆದರೆ ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ. ಆಯಿಲ್ ಕಪ್ಪಗಿದೆ, ಕೆನೆ ಇಲ್ಲ.

ಜೆಸಿ_ರೋಡ್_ಹಳಬ
ಒಂದು ಕಂಪ್ರೆಶನ್ ಗೇಜ್ ತಗೊಳ್ಳಿ ಅಥವಾ ಯಾರ ಹತ್ತಿರವಾದರೂ ಇಸ್ಕೊಳ್ಳಿ. ಎಂಜಿನ್ ಬಿಸಿ ಇದ್ದಾಗ ನಾಲ್ಕೂ ಪ್ಲಗ್ ಬಿಚ್ಚಿ. ಕಾಯಿಲ್ ವೈರ್ ತೆಗೆದಿಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಒಂದೊಂದು ಸಿಲಿಂಡರಿನದೂ ಬರೆದುಕೊಳ್ಳಿ. ಆಮೇಲೆ ಒಂದೊಂದಕ್ಕೂ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಂದು ಸಲ ನೋಡಿ. ಆಯಿಲ್ ಬಿಟ್ಟಾಗ ಪ್ರೆಶರ್ ಏರಿದರೆ ರಿಂಗು, ಬೋರು ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು). ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಲಿ.

ಕರಿಕೋಟು
ಎಲ್ಲರೂ ಎಂಜಿನ್ ಬಗ್ಗೆ ಮಾತಾಡುತ್ತಿದ್ದೀರಿ, ಆರ್‌ಸಿ ಬಗ್ಗೆ ಒಬ್ಬರೂ ಇಲ್ಲ. ಹಾಗಾಗಿ ನಾನು ಬರೆಯುತ್ತೇನೆ.

ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52. ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಳೇ ಎಂಜಿನ್ ಕೆಟ್ಟು ಅದೇ ಥರದ ಇನ್ನೊಂದು ಎಂಜಿನ್ ಹಾಕುವುದು ಬೇರೆ ವಿಷಯ. ಅದಕ್ಕೆ ಆರ್‌ಟಿಓ ಅನುಮತಿ ತಗೊಂಡು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ನಮೂದು ಮಾಡಿಸಬಹುದು. 1089 ಸಿಸಿ ಇದ್ದ ಜಾಗಕ್ಕೆ ಬೇರೆ ಕಂಪನಿಯ 1196 ಸಿಸಿ ಎಂಪಿಎಫ್‌ಐ ಹಾಕಿಕೊಂಡು ಹೋದರೆ ಇನ್‌ಸ್ಪೆಕ್ಟರ್ ಒಪ್ಪುತ್ತಾರೆ ಅಂತ ನಂಬಿ ಕೂರಬೇಡಿ. ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ. ಬೋಲ್ಟ್ ಬಿಚ್ಚೋದು ಆಮೇಲೆ.

ಗುಜರಿ_ಗೆಳೆಯ
ವಕೀಲರೇ, ಹಾಗೆ ನೋಡಿದರೆ ನಮ್ಮೂರಲ್ಲಿ ಅರ್ಧ ಜೀಪುಗಳು ರೋಡಿಗೆ ಇಳಿಯೋ ಹಾಗೇ ಇಲ್ಲ. ಯಾರು ಬಾನೆಟ್ ಎತ್ತಿ ನೋಡ್ತಾರೆ?

ಕರಿಕೋಟು
ಆಕ್ಸಿಡೆಂಟ್ ಆದ ದಿನ ನೋಡುತ್ತಾರೆ. ವಿಮಾ ಕಂಪನಿಯ ಸರ್ವೇಯರ್ ಮೊದಲು ನೋಡುವುದೇ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್. ನಂಬರ್ ಹೊಂದದಿದ್ದರೆ ಕ್ಲೇಮ್ ಅಲ್ಲೇ ತಕರಾರಿಗೆ ಬೀಳುತ್ತದೆ. ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ಆ ಹಣವನ್ನು ಕಂಪನಿ ಮಾಲೀಕನಿಂದ ವಸೂಲಿ ಮಾಡಲು ನೋಡುತ್ತದೆ. ನಾನು ಇಂಥ ಫೈಲುಗಳನ್ನು ಹಿಡಿದು ಕೋರ್ಟಿನಲ್ಲಿ ನಿಂತಿದ್ದೇನೆ, ಹಾಗಾಗಿ ಇದನ್ನು ಹಗುರವಾಗಿ ಹೇಳುತ್ತಿಲ್ಲ.

ಇನ್ನೊಂದು ಮಾತು. ಗುಜರಿಯಲ್ಲಿ ಎಂಜಿನ್ ತಗೊಳ್ಳುವಾಗ ಬಿಲ್ ಇಲ್ಲದೆ ತಗೊಳ್ಳಬೇಡಿ. ಕಳವಾದ ಗಾಡಿಯ ಎಂಜಿನ್ ಆಗಿದ್ದರೆ ಉತ್ತರ ಕೊಡಬೇಕಾದವರು ನೀವು.

ಉಡುಪಿ_ಸ್ಟೀರಿಂಗ್
ನಿಮ್ಮದು 1978 ಅಂದ್ರಲ್ಲ ಮಾರಾಯ್ರೇ, ಇನ್ನು ಸ್ವಲ್ಪ ಕಾಲಕ್ಕೆ, 2028ರಲ್ಲಿ, 50 ವರ್ಷ ಆಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಸಿಂಧು. ಈಕೋ ಎಂಜಿನ್ ಹಾಕಿದ ದಿನವೇ ನೀವು ಆ ಬಾಗಿಲು ಮುಚ್ಚಿದ ಹಾಗೆ. ಯೋಚನೆ ಮಾಡಿ.

ಅಂದ ಹಾಗೆ ಆಗುಂಬೆಯ 14 ತಿರುವನ್ನೂ ನಮ್ಮ ಮಾವನ ಫಿಯಟ್ಟಿನಲ್ಲಿ ಎಷ್ಟೋ ಸಲ ಹತ್ತಿದ್ದೇನೆ. ಬೇಸಿಗೆಯಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದಲ್ಲ, ಬಿಸಿಗೆ ಪೆಟ್ರೋಲ್ ಆವಿಯಾಗಿ ಕಾರ್ಬುರೇಟರಿಗೆ ಬರುವುದೇ ನಿಂತುಹೋಗುತ್ತದೆ. ನಿಮ್ಮ "ಪಿಕಪ್ ಸಾಯೋದು" ಅದೇ ಇರಬಹುದಾ ಅಂತ ಒಂದು ಅನುಮಾನ. ಬಾಟಲಿ ನೀರು, ಹಳೇ ಪಂಚೆ ಚೂರು, ಇವೆರಡು ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿದ್ದವು.

ಹುಬ್ಳಿ_ಗಾಡಿ
ವಿಂಟೇಜ್ ಪ್ಲೇಟ್ ಬಗ್ಗೆ ಪೂರ್ತಿ ಹೇಳ್ರಿ ಸ್ಟೀರಿಂಗ್ ಅಣ್ಣಾ. ಆ ನೋಂದಣಿ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ಇವರಿಗೆ ಬೇಕಿರೋದು ಉಡುಪಿಗೆ ಹೋಗಿ ಬರೋಕೆ ಗಾಡಿ.

ಉಡುಪಿ_ಸ್ಟೀರಿಂಗ್
ಅದು ಹೌದು. ಆದರೂ ಮೂಲ ಎಂಜಿನ್ ಉಳಿಸಿಕೊಂಡರೆ ಮುಂದೆ ಬೇಕಾದಾಗ ಬೇಕಾದ್ದು ಮಾಡಬಹುದು. ಕತ್ತರಿಸಿದ ಫ್ಲೋರ್ ವಾಪಸ್ ಬರಲ್ಲ.

ಲೆಸ್ಟರ್_ಕನ್ನಡತಿ
ದೂರದಿಂದ ಒಂದು ಮಾತು. ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಮಾರಿಸ್ ಮೈನರ್ ಅನ್ನೋ ಒಂದು ಹಳೇ ಕಾರು ಇಟ್ಟುಕೊಂಡಿದ್ದೇನೆ, 1098 ಸಿಸಿ, ಹೆಚ್ಚುಕಡಿಮೆ ನಿಮ್ಮ ಪದ್ಮಿನಿಯಷ್ಟೇ. ಇಲ್ಲಿ ಮೈನರ್ ಇಟ್ಟುಕೊಂಡವರು ಮಾಡುವ ಕಡಿಮೆ ಖರ್ಚಿನ ಕೆಲಸ ಏನು ಗೊತ್ತಾ? ಅದೇ ಎ-ಸೀರೀಸ್ ಮನೆತನದ 1275 ಸಿಸಿ ಎಂಜಿನ್ ಹಾಕುತ್ತಾರೆ. ಒಂದೇ ಕುಟುಂಬದ ಎಂಜಿನ್ ಆದ್ದರಿಂದ ಕತ್ತರಿಸುವ ಕೆಲಸ ತುಂಬಾ ಕಡಿಮೆ. ಎಂಜಿನ್ ನಂಬರ್ ಮತ್ತು ಸಿಸಿ ಬದಲಾಗಿದ್ದನ್ನು ಡಿವಿಎಲ್‌ಎಗೆ (ಇಲ್ಲಿನ ಆರ್‌ಟಿಓ ಥರದ ಕಚೇರಿ) ತಿಳಿಸಬೇಕು, ಅಷ್ಟೇ. 40 ವರ್ಷ ದಾಟಿದ ಗಾಡಿಗೆ ಇಲ್ಲಿ ಎಂಓಟಿ ಅನ್ನೋ ವಾರ್ಷಿಕ ಫಿಟ್‌ನೆಸ್ ಪರೀಕ್ಷೆಯಿಂದ ವಿನಾಯಿತಿ ಇದೆ, ಗಾಡಿ ದೊಡ್ಡದಾಗಿ ಬದಲಾಗಿರಬಾರದು ಅನ್ನೋ ಷರತ್ತಿನ ಮೇಲೆ. ಅದೇ ಮೂಲ ಎಂಜಿನ್‌ನ ಬೇರೆ ಸಿಸಿ ಹಾಕಿದರೆ ಅದನ್ನು ದೊಡ್ಡ ಬದಲಾವಣೆ ಅಂತ ಎಣಿಸಲ್ಲ.

ನಮ್ಮ ಊರಿನಲ್ಲೂ ಇಂಥದೊಂದು ನಿಯಮ ಬಂದರೆ ಎಷ್ಟು ಹಳೇ ಗಾಡಿ ಉಳೀತಿತ್ತು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ. ಪದ್ಮಿನಿಗೆ 118ಎನ್‌ಇ ಎಂಜಿನ್ ಅಂದರೆ ಅದೇ ಕಂಪನಿ, ಅದೇ ಕಾಲ.

ಕರಿಕೋಟು
ಅಕ್ಕಾ, ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಮ್ಮಲ್ಲಿ ಕಾನೂನು ಲಾರಿಗೂ ಹಳೇ ಫಿಯಟ್ಟಿಗೂ ಒಂದೇ. ಇಷ್ಟಂತೂ ಹೇಳಬಹುದು, ಅದೇ ಕಂಪನಿಯ ಎಂಜಿನ್ ಅಂತ ಅರ್ಜಿ ಹಾಕಿದರೆ ಕೇಳಿಸಿಕೊಳ್ಳುವ ಸಾಧ್ಯತೆ ಬೇರೆಯದಕ್ಕಿಂತ ಜಾಸ್ತಿ.

ಮುಂಬೈ_ಮಂಗ್ಳೂರಿಗ
ಪದ್ಮಿನಿ ಅಂದ ಕೂಡಲೇ ಓಡಿ ಬಂದೆ. ಇಲ್ಲಿ 2023ರ ಅಕ್ಟೋಬರ್‌ನಲ್ಲಿ ಕೊನೆಯ ಕಾಲಿ ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಹೋಯಿತು. 20 ವರ್ಷದ ಮಿತಿ, ಕೊನೆಯದು ನೋಂದಣಿ ಆಗಿದ್ದು 2003ರ ಅಕ್ಟೋಬರ್‌ನಲ್ಲಿ. ಕುರ್ಲಾದಲ್ಲಿ ಹುಟ್ಟಿ ಇದೇ ಊರಿನಲ್ಲಿ ಮುಗಿದ ಗಾಡಿ. ಟ್ಯಾಕ್ಸಿ ಓಡಿಸುತ್ತಿದ್ದ ನಮ್ಮ ಊರಿನವರೊಬ್ಬರು ಹೇಳುತ್ತಿದ್ದರು, ಈ ಎಂಜಿನ್ ಸಾಯೋದು ವಯಸ್ಸಿನಿಂದ ಅಲ್ಲ, ರೇಡಿಯೇಟರ್ ನೋಡಿಕೊಳ್ಳದೆ ಇರೋದ್ರಿಂದ ಅಂತ.

ಗುಜರಿ_ಗೆಳೆಯ
ಮುಂಬೈಯಲ್ಲಿ ಆಗುಂಬೆ ಘಾಟಿ ಇಲ್ಲ ಅಣ್ಣಾ.

ಮುಂಬೈ_ಮಂಗ್ಳೂರಿಗ
ಮೇ ತಿಂಗಳಲ್ಲಿ ದಾದರ್ ಟ್ರಾಫಿಕ್ ಇದೆಯಲ್ಲ. ಮೂರು ಪ್ಯಾಸೆಂಜರ್, ಮೇಲೆ ಕ್ಯಾರಿಯರ್ ತುಂಬಾ ಲಗೇಜು, ಒಂದು ಗಂಟೆ ಒಂದೇ ಜಾಗದಲ್ಲಿ. ಘಾಟಿಗಿಂತ ಕಷ್ಟ.

ಜಿಪ್ಸಿ_ಕೊಡಗು
ಈಕೋ ಬೇಡ ಅನ್ನುವವರಿಗೆ ಇನ್ನೊಂದು ದಾರಿ. ಮಾರುತಿ ಜಿಪ್ಸಿ ಜೀಪಿನ ಗೇರ್‌ಬಾಕ್ಸ್. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಚಿಕ್ಕ ಶಾಫ್ಟ್ ಇದೆ. ಹಾಗಾಗಿ ಟ್ರಾನ್ಸ್‌ಫರ್ ಕೇಸ್ ಬಿಟ್ಟು ಗೇರ್‌ಬಾಕ್ಸ್ ಮಾತ್ರ ತಗೊಂಡು ಹಿಂದಿನ ಚಕ್ರಕ್ಕೆ ನೇರ ಡ್ರೈವ್ ಕೊಡಬಹುದು. ಅದಕ್ಕೆ ಮಾರುತಿ ಎಸ್ಟೀಮ್ ಕಾರಿನ ಎಂಜಿನ್ ಹೊಂದುತ್ತದೆ, ಎರಡೂ ಜಿ13 ಅನ್ನೋ ಒಂದೇ ಎಂಜಿನ್ ಮನೆತನ. ಕಾರ್ಬುರೇಟರ್ ಇರುವ ಹಳೇ ಎಸ್ಟೀಮ್ ಸಿಕ್ಕರೆ ವೈರಿಂಗ್ ತಲೆನೋವೂ ಇಲ್ಲ. ಜಿಪ್ಸಿ ಎಂಜಿನ್ ಮೊದಲಿಂದಲೂ ಬಾನೆಟ್ ಕೆಳಗೆ ಉದ್ದಕ್ಕೆ ಕೂರುವಂಥದ್ದು, ಹಾಗಾಗಿ ಸಂಪ್, ಮೌಂಟಿಂಗ್ ಬ್ರಾಕೆಟ್ ಅದರದ್ದೇ ನೋಡಿಕೊಳ್ಳಿ. ರೇಟ್ ಮಾತ್ರ ಕಡಿಮೆ ಇಲ್ಲ, ಜಿಪ್ಸಿ ಸಾಮಾನನ್ನು ನಮ್ಮ ಆಫ್‌ರೋಡ್ ಹುಡುಗರು ಒಂದೂ ಬಿಡಲ್ಲ. ಮತ್ತೆ ಆರ್‌ಸಿ ವಿಷಯದಲ್ಲಿ ವಕೀಲರು ಹೇಳಿದ್ದು ಇದಕ್ಕೂ ಅನ್ವಯ.

ಲೇತ್_ಶೆಡ್_ಶಿವಮೊಗ್ಗ
ಜಿಪ್ಸಿ ಗೇರ್‌ಬಾಕ್ಸ್ ಕೆಲಸ ಮಾಡೋಕೆ ಚೆನ್ನ. ಆದರೆ ಇವರ ಬಜೆಟ್ ಗೇರ್‌ಬಾಕ್ಸಿನಲ್ಲೇ ಅರ್ಧ ಹೋಗುತ್ತದೆ.

ಡೀಸೆಲ್_ದಾವಣಗೆರೆ
137ಡಿ ಅಂತ ಪದ್ಮಿನಿಯಲ್ಲೇ ಡೀಸೆಲ್ ಬಂದಿತ್ತು, 1996ರಲ್ಲಿ, 1366 ಸಿಸಿ. ಅದನ್ನು ಹಾಕಿದರೆ? ಮೈಲೇಜೂ ಸಿಗುತ್ತದೆ.

ಹುಬ್ಳಿ_ಗಾಡಿ
ಅದರ ಸ್ಪೇರ್ ಹುಡುಕೋದರಲ್ಲೇ ಆಯುಷ್ಯ ಹೋಗುತ್ತದೆ ಅಣ್ಣಾ. ಮೂಗಿನ ಮೇಲೆ ತೂಕ ಬೇರೆ ಜಾಸ್ತಿ, ಆರ್‌ಸಿಯಲ್ಲಿ ಇಂಧನವನ್ನೂ ಬದಲಾಯಿಸಬೇಕು. ಬೇಡ.

ತೀರ್ಥಹಳ್ಳಿ_ಪದ್ಮಿನಿ
ಕಂಪ್ರೆಶನ್ ನೋಡಿಯಾಯಿತು. ಜೆಸಿ ರೋಡ್ ಸಾರ್ ಹೇಳಿದ ಹಾಗೇ ಮಾಡಿದ್ದು. ಒಂದನೇ ಸಿಲಿಂಡರ್ 125, ಎರಡನೆಯದು 70, ಮೂರನೆಯದು 70, ನಾಲ್ಕನೆಯದು 120. ಎಲ್ಲಾ ಪಿಎಸ್‌ಐ. ಆಯಿಲ್ ಹಾಕಿದ ಮೇಲೆ ಎರಡು, ಮೂರರಲ್ಲಿ ಏನೂ ವ್ಯತ್ಯಾಸ ಇಲ್ಲ. ಒಂದು, ನಾಲ್ಕರಲ್ಲಿ ಸ್ವಲ್ಪ ಏರಿತು. ಇದರ ಅರ್ಥ ಏನು?

ಜೆಸಿ_ರೋಡ್_ಹಳಬ
ಇದಕ್ಕಿಂತ ಸ್ಪಷ್ಟವಾಗಿ ಯಾವ ಎಂಜಿನ್ನೂ ಮಾತಾಡಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಂದೇ ಸಮ ಬಿದ್ದಿವೆ, ಆಯಿಲ್ ಹಾಕಿದರೂ ಏರಲಿಲ್ಲ, ನೀರು ಸೋರದೆ ಕಡಿಮೆಯಾಗುತ್ತಿದೆ. ಎರಡು-ಮೂರರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಅನ್ನೋದು ನನ್ನ ಅಂದಾಜು. ಘಾಟಿಯಲ್ಲಿ ಲೋಡ್ ಬಿದ್ದಾಗ ಉರಿದ ಗ್ಯಾಸ್ ನೀರಿಗೆ ನುಗ್ಗುತ್ತದೆ, ಅದಕ್ಕೇ ಕುದಿಯುತ್ತದೆ. ಎರಡು ಸಿಲಿಂಡರ್ ಅರ್ಧ ಕೆಲಸ ಮಾಡುವ ಗಾಡಿಯಲ್ಲಿ ಪಿಕಪ್ ಎಲ್ಲಿಂದ ಬರಬೇಕು? ಬೆಳಗಿನ ನೀಲಿ ಹೊಗೆ ವಾಲ್ವ್ ಗೈಡ್‌ನದು, ರಾತ್ರಿಯೆಲ್ಲ ಆಯಿಲ್ ಇಳಿದು ಬೆಳಿಗ್ಗೆ ಸುಡುತ್ತದೆ. ಒಂದು, ನಾಲ್ಕು ನೋಡಿದರೆ ರಿಂಗು, ಬೋರು ಇನ್ನೂ ದಿನ ತಳ್ಳುತ್ತವೆ.

ಹೆಡ್ ಬಿಚ್ಚಿಸಿ. ಅಲ್ಯೂಮಿನಿಯಂ ಹೆಡ್ ಅದು, ಇಷ್ಟು ಸಲ ಕುದಿದ ಮೇಲೆ ಬಾಗಿರುವುದು ಸಹಜ. ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಬಾಗಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮೈ ಸಮ ಮಾಡಿಸಿ. ವಾಲ್ವ್ ಗೈಡ್ ಹೊಸದು, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ತೇಯ್ದು ಕೂರಿಸೋದು). ಸೀಟ್ ಹಾಳಾಗಿದ್ದರೆ ಗಟ್ಟಿ ಲೋಹದ ಸೀಟ್ ಹಾಕಿಸಿ. ಸೀಸ ಇರುವ ಪೆಟ್ರೋಲ್ 2000ದಲ್ಲೇ ಹೋಯಿತು, ಹಳೇ ಸೀಟುಗಳು ಅದನ್ನು ನಂಬಿಕೊಂಡು ಮಾಡಿದವು. ಹೆಡ್ ತೆಗೆದಾಗ ಬ್ಲಾಕಿನ ವಾಟರ್ ಪ್ಲಗ್‌ಗಳನ್ನೂ ಹೊಡೆದು ತೆಗೆಸಿ, ಒಳಗೆ ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ತಂತಿ ಹಾಕಿ ಕೆರೆದು, ನೀರು ಬಿಟ್ಟು ತೊಳೆಯಬೇಕು. ರೇಡಿಯೇಟರ್‌ದು ಬೇರೆ ಕೆಲಸ.

ಗುಜರಿ_ಗೆಳೆಯ
ಸರಿ, ಗ್ಯಾಸ್ಕೆಟ್ ಹಾಕಿದರು ಅಂದುಕೊಳ್ಳಿ. ಆಮೇಲೂ ಅದು 40 ಎಚ್‌ಪಿ ಗಾಡಿಯೇ. ಎಸಿ ಇಲ್ಲ, ನಾಲ್ಕೇ ಗೇರ್. ಈಗಿನ ರೋಡಿಗೆ ಸಾಕಾ? ಹೆದ್ದಾರಿಯಲ್ಲಿ ಒಂದು ಲಾರಿ ಓವರ್‌ಟೇಕ್ ಮಾಡೋಕೆ ಒಂದು ಕಿಲೋಮೀಟರ್ ಬೇಕು.

ತೀರ್ಥಹಳ್ಳಿ_ಪದ್ಮಿನಿ
ನಾನು ಲಾರಿ ಹಿಂದೆ ಆರಾಮಾಗಿ ಬರ್ತೀನಿ ಗೆಳೆಯರೇ. ನನಗೆ ಕುದಿಯದೆ ಮನೆ ಸೇರಿದರೆ ಸಾಕು.

ಅರಸೀಕೆರೆ_ಕಾರ್ಬುರೇಟರ್
ಹೆಡ್ ತೆಗೆದಾಗಲೇ ಪೆಟ್ರೋಲ್ ಕಡೆನೂ ನೋಡಿಬಿಡಿ. ಈಗ ಬರುತ್ತಿರೋದು ಇ20, ಶೇಕಡಾ 20 ಎಥನಾಲ್. ಈ ಗಾಡಿ ಮಾಡಿದಾಗ ಅದು ಇರಲಿಲ್ಲ. ಪಂಪಿನ ಡಯಾಫ್ರಂ, ರಬ್ಬರ್ ಪೈಪುಗಳು ಮೆತ್ತಗಾಗಿ ಹಾಳಾಗುತ್ತವೆ. ಟ್ಯಾಂಕಿನಲ್ಲಿ ನೀರು ಸೇರಿದರೆ ತುಕ್ಕು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಅದೇ ಜೆಟ್‌ನಲ್ಲಿ (ಪೆಟ್ರೋಲ್ ಬರುವ ತೂತು) ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿ ಆಗೋಕೆ ಅದೂ ಒಂದು ಕಾರಣ. ಎಥನಾಲ್ ತಡೆಯುವ ಪೈಪು ಹಾಕಿಸಿ, ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚಿ ತೊಳೆಸಿ. ಪ್ಲಗ್ ಬಿಳಿಚಿಕೊಂಡಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ.

ಪ್ಲಗ್ ಕಿಡಿ ಹಾರುವ ಟೈಮಿಂಗ್ ಲೇಟ್ ಇದ್ದರೂ ಗಾಡಿ ಕುದಿಯುತ್ತದೆ. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ ಸರಿ ಮಾಡಿ, ಆಮೇಲೆ ಟೈಮಿಂಗ್.

ತೀರ್ಥಹಳ್ಳಿ_ಪದ್ಮಿನಿ
ಹೆಡ್ ತೆಗೆಸಿದೆ. ಎರಡು-ಮೂರರ ನಡುವೆ ಗ್ಯಾಸ್ಕೆಟ್ ಸುಟ್ಟು ಕರಿ ಗೆರೆ ಬಿದ್ದಿದೆ. ಹೆಡ್ ಬಾಗಿದೆ, ಫೇಸಿಂಗ್‌ಗೆ ಕಳಿಸಿದ್ದೇನೆ, ಗೈಡ್‌ಗಳನ್ನೂ ಅಲ್ಲೇ ಹಾಕುತ್ತಾರೆ. ಬ್ಲಾಕಿನಿಂದ ತೆಗೆದ ಕೆಸರು ಒಂದು ತಂಬಿಗೆ ತುಂಬುವಷ್ಟಿತ್ತು. ನಾಲ್ಕನೇ ಸಿಲಿಂಡರ್ ಸುತ್ತ ನೀರು ಹೋಗುವ ದಾರಿಯೇ ಕಾಣುತ್ತಿರಲಿಲ್ಲ. ನೀರಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಯಾರೋ ಯಾವಾಗಲೋ ಕಿತ್ತು ಬಿಸಾಕಿದ್ದಾರೆ. ಬೋರ್ ಅಳೆಸಿದೆ, ಸದ್ಯಕ್ಕೆ ಮುಟ್ಟೋದು ಬೇಡ ಅಂದರು.

ಎಲ್ಲಾ ಸೇರಿ ನನ್ನ ಬಜೆಟ್ಟಿನ ಕಾಲು ಭಾಗವೂ ಆಗಲ್ಲ ಅಂತ ಕಾಣುತ್ತದೆ. ಉಳಿದ ದುಡ್ಡಿನಲ್ಲಿ ಮೊದಲು ಬ್ರೇಕ್ ಲೈನಿಂಗ್, ವೀಲ್ ಸಿಲಿಂಡರ್. 118ಎನ್‌ಇ ಎಂಜಿನ್ ಬಿಲ್ ಸಮೇತ ಒಳ್ಳೆಯದು ಎಲ್ಲಾದರೂ ಸಿಕ್ಕರೆ ತೆಗೆದಿಡುತ್ತೇನೆ, ಅವಸರ ಇಲ್ಲ, ಆರ್‌ಟಿಓ ಏನು ಹೇಳುತ್ತಾರೆ ಅಂತ ಅರ್ಜಿ ಕೊಟ್ಟು ಕೇಳಿದ ಮೇಲೆ.

ಈಗ ಒಂದು ಪ್ರಶ್ನೆ. ರೇಡಿಯೇಟರ್ ಹೊಸ ಕೋರ್ ಹಾಕಿಸುತ್ತಿದ್ದೇನೆ. ಜೊತೆಗೆ ಮಾರುತಿ ಎಲೆಕ್ಟ್ರಿಕ್ ಫ್ಯಾನ್ ಹಾಕಿಸು ಅಂತಿದ್ದಾರೆ. ಹಾಕಿಸಲಾ? ನನ್ನದರಲ್ಲಿ ಬ್ಯಾಟರಿ ಚಾರ್ಜ್ ಮಾಡೋಕೆ ಇನ್ನೂ ಹಳೇ ಡೈನಮೋನೇ ಇದೆ, ಆಲ್ಟರ್ನೇಟರ್ ಅಲ್ಲ.

ಗುಜರಿ_ಗೆಳೆಯ
ಹಾಕಿಸಿ. ಫ್ಯಾನ್ ನಾನು ಕೊಡಿಸ್ತೀನಿ, ಒಳ್ಳೇದಿದೆ.

ಜೆಸಿ_ರೋಡ್_ಹಳಬ
ಡೈನಮೋ ಇದ್ದರೆ ಬೇಡ. ನಿಧಾನಕ್ಕೆ ಹೋಗುವಾಗ, ನಿಂತಾಗ ಡೈನಮೋ ಏನೂ ಚಾರ್ಜ್ ಮಾಡಲ್ಲ. ಫ್ಯಾನ್ ಬೇಕಾಗೋದೂ ಆಗಲೇ. ಬ್ಯಾಟರಿ ಇಳಿದು ಘಾಟಿ ಮಧ್ಯೆ ನಿಲ್ಲುತ್ತೀರಿ. ಬೆಲ್ಟಿನ ಫ್ಯಾನೇ ಇರಲಿ. ಅದರ ಬೆಲ್ಟ್ ಹೊಸದು ಹಾಕಿ, ವಾಟರ್ ಪಂಪ್ ಬೇರಿಂಗ್ ಅಲ್ಲಾಡುತ್ತಾ ನೋಡಿ, ಥರ್ಮೋಸ್ಟಾಟ್ ವಾಪಸ್ ಕೂರಿಸಿ, ರೇಡಿಯೇಟರ್ ಕ್ಯಾಪ್ ಹೊಸದು ತಗೊಳ್ಳಿ. ಬರೀ ನೀರು ಬೇಡ, ಕೂಲಂಟ್ ಹಾಕಿ. ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು ಅಂದರೆ ಮೊದಲು ಆಲ್ಟರ್ನೇಟರ್ ಹಾಕಿಸಿ.

ಲೇತ್_ಶೆಡ್_ಶಿವಮೊಗ್ಗ
ಹಳಬರ ಮಾತಿಗೆ ಒಂದು ಸೇರಿಸುತ್ತೇನೆ. ಹೆಡ್ ಬೋಲ್ಟುಗಳನ್ನು ಟಾರ್ಕ್ ವ್ರೆಂಚ್ ಇಟ್ಟೇ ಬಿಗಿಸಿ, ನಡುವಿನಿಂದ ಹೊರಕ್ಕೆ. ಸ್ವಲ್ಪ ಓಡಿಸಿದ ಮೇಲೆ ಎಂಜಿನ್ ತಣ್ಣಗಿದ್ದಾಗ ಇನ್ನೊಂದು ಸಲ ನೋಡಿ, ಆಮೇಲೆ ಟ್ಯಾಪೆಟ್ ಗ್ಯಾಪ್ ಸರಿ ಮಾಡಿ. ವ್ರೆಂಚ್ ಇಲ್ಲದಿದ್ದರೆ ಶಿವಮೊಗ್ಗಕ್ಕೆ ಬಂದಾಗ ನನ್ನ ಶೆಡ್ಡಿನಿಂದ ತಗೊಂಡು ಹೋಗಿ, ವಾಪಸ್ ಕೊಟ್ಟರಾಯಿತು.